ಮಲ್ಲೇಶ್ವರದಲ್ಲಿ ಪುಟ್ಟ ರೈಲುಗಳು: ಓಡಿದ ಗಾಡಿಗಳಿಗಿಂತ ನಿಂತ ಗಾಡಿಗಳೇ ಮೇಲು

ರೈಲು ಮಾದರಿಗಳ ಪ್ರದರ್ಶನವೆಂದರೆ ಆಟಿಕೆಗಳ ಅಂಗಡಿಸಾಲು ಎಂದುಕೊಂಡು ಹೋಗುವವರಿಗೆ, ಮಲ್ಲೇಶ್ವರದ ಸಭಾಭವನವೊಂದರಲ್ಲಿ ನಗರದ ಹವ್ಯಾಸಿಗಳ ಬಳಗ ವಾರಾಂತ್ಯದಲ್ಲಿ ಏರ್ಪಡಿಸಿದ್ದ ಈ ಪ್ರದರ್ಶನ ಬೇರೆಯದೇ ರೀತಿಯದೆಂದು ಬಾಗಿಲು ದಾಟಿದ ಕೂಡಲೇ ತಿಳಿಯುತ್ತದೆ. ಇಲ್ಲಿ ಮಾರಾಟ ಕಡಿಮೆ, ಕೈಕೆಲಸ ಹೆಚ್ಚು. ಪ್ರತಿ ಮೇಜಿನ ಹಿಂದೆಯೂ ಆ ಮಾದರಿಯನ್ನು ಸ್ವತಃ ಕಟ್ಟಿದವರೇ ನಿಂತಿರುತ್ತಾರೆ. ಕೇಳಿದರೆ ಬೇಸರಿಸದೆ ವಿವರಿಸುತ್ತಾರೆ, ಕೇಳದಿದ್ದರೆ ತಮ್ಮ ಪಾಡಿಗೆ ಹಳಿ ಒರೆಸುತ್ತಿರುತ್ತಾರೆ. ನಾವು ಹೋದದ್ದು ಐವರು: ನಾನು, ನಮ್ಮ ಮನೆಯವರು, ಹನ್ನೊಂದು ವರ್ಷದ ಮಗಳು, ಐದು ವರ್ಷದ ಮಗ ಮತ್ತು ಎಂಬತ್ತರ ಸಮೀಪದ ನಮ್ಮ ಮಾವನವರು. ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆದೊಯ್ಯುವ ಕುಟುಂಬಗಳಿಗೆ ಈ ಬಗೆಯ ಪ್ರದರ್ಶನ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಮುಖ್ಯವಾಗಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ.

ತಲುಪುವುದು ಸುಲಭ. ಮೆಟ್ರೊದ ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಬಂದಿಳಿದು ಆಟೊ ಹಿಡಿದೆವು. ಸ್ವಂತ ಕಾರಿನಲ್ಲಿ ಬಂದವರು ಅಡ್ಡರಸ್ತೆಗಳಲ್ಲಿ ಜಾಗ ಹುಡುಕುತ್ತ ಸುತ್ತುತ್ತಿದ್ದುದನ್ನು ನೋಡಿದ ಮೇಲೆ ಮೆಟ್ರೊವೇ ಸರಿ ಎನ್ನಿಸಿತು. ಪ್ರವೇಶದರ ಹೊರೆಯೆನಿಸುವಷ್ಟಿರಲಿಲ್ಲ, ಚಿಕ್ಕ ಮಕ್ಕಳಿಗೆ ಉಚಿತವಾಗಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಮೇಜುಗಳ ಬಳಿ ನೆಮ್ಮದಿಯಾಗಿ ನಿಲ್ಲಬಹುದು. ಹನ್ನೊಂದೂವರೆಯ ನಂತರ ಜನಸಂದಣಿಯಲ್ಲಿ ಬೆನ್ನುಗಳನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಒಳಗೆ ಹೋದ ತಕ್ಷಣ ಎದುರಾಗುವುದು ಅಳತೆಗಳನ್ನು ಪರಿಚಯಿಸುವ ಉದ್ದನೆಯ ಮೇಜು. ಒಂದೇ ಬಗೆಯ ಎಂಜಿನ್ನನ್ನು ಬೇರೆ ಬೇರೆ ಗಾತ್ರದಲ್ಲಿ ಸಾಲಾಗಿ ಇಟ್ಟಿದ್ದ ಉಪಾಯ ಮೆಚ್ಚುವಂಥದು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ನಿಜವಾದ ಒಂದು ಅಡಿಗೆ ಮಾದರಿಯ 3.5 ಮಿಲಿಮೀಟರ್, ಅಂದರೆ 1:87 ಪ್ರಮಾಣ. ಆರಡಿ ಎತ್ತರದ ಮನುಷ್ಯ ಅಲ್ಲಿ 21 ಮಿಲಿಮೀಟರ್‌ಗೆ ಇಳಿಯುತ್ತಾನೆ. ಅದಕ್ಕಿಂತ ಚಿಕ್ಕದು ಹಳಿಗಳ ನಡುವಿನ ಅಂತರ 9 ಮಿಲಿಮೀಟರ್ ಇರುವ ಎನ್ ಅಳತೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ಹೊರತಂದ ಝಡ್ ಅಳತೆ ಇನ್ನೂ ಚಿಕ್ಕದು: 1:220 ಪ್ರಮಾಣ, 6.5 ಮಿಲಿಮೀಟರ್ ಅಂತರದ ಹಳಿ. ಒಬ್ಬರು ಇಡೀ ಊರನ್ನೇ ಝಡ್ ಅಳತೆಯಲ್ಲಿ ಸೂಟ್‌ಕೇಸಿನೊಳಗೆ ಕಟ್ಟಿ ತಂದಿದ್ದರು. ಇದೇ ಮಾರ್ಕ್ಲಿನ್ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಗೊತ್ತಾದ ಅಳತೆಯ ಹಳಿಗಳನ್ನು, ಮುಂದೆ ಕೊಂಡು ಸೇರಿಸುತ್ತ ಹೋಗಬಹುದಾದ ವ್ಯವಸ್ಥೆಯಾಗಿ ಪರಿಚಯಿಸಿದ ವಿಷಯವನ್ನೂ ಫಲಕದಲ್ಲಿ ಬರೆದಿದ್ದರು. ಆ ಫಲಕದ ಮುಂದೆ ಹೆಚ್ಚು ಜನ ನಿಲ್ಲಲಿಲ್ಲ. ಈ ಹವ್ಯಾಸ ನೂರು ವರ್ಷಕ್ಕೂ ಮಿಕ್ಕಿ ಏಕೆ ಬಾಳಿತು ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ಈ ವರ್ಷ ಕೊಂಡ ಹಳಿ ಮುಂದಿನ ವರ್ಷ ಕೊಂಡ ಹಳಿಗೆ ಕೂಡಿಕೊಳ್ಳುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಇದು ಹುಟ್ಟುಹಬ್ಬದ ಮರುದಿನವೇ ಅಟ್ಟ ಸೇರುವ ಆಟಿಕೆಯಾಗಿ ಉಳಿಯುತ್ತಿತ್ತು.

ಸಭಾಂಗಣದ ನಟ್ಟನಡುವಿನ ದೊಡ್ಡ ಜಾಗವನ್ನು ಆಕ್ರಮಿಸಿದ್ದು ಸ್ವಿಟ್ಜರ್ಲೆಂಡಿನ ಪರ್ವತ ಪ್ರದೇಶದ ಮಾದರಿ. ಹಿಮ ಮುಚ್ಚಿದ ಶಿಖರ, ಸುರುಳಿಯಾಗಿ ಮೇಲೇರುವ ಹಳಿ, ಒಂದರ ಹಿಂದೊಂದು ಸುರಂಗ ಹೊಕ್ಕು ಹೊರಬರುವ ನಾಲ್ಕೈದು ಗಾಡಿಗಳು, ಸಂಜೆಯಾದಂತೆ ದೀಪ ಹೊತ್ತಿಕೊಳ್ಳುವ ಮನೆಗಳು. ನೋಡಲು ಏನೂ ಕಡಿಮೆಯಿರಲಿಲ್ಲ. ನಮ್ಮ ಮಗ ಮೊದಲ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಆದರೆ ಆ ಹತ್ತು ನಿಮಿಷ ಕಳೆದ ಮೇಲೆ ಅಲ್ಲಿ ಹೊಸದಾಗಿ ಏನೂ ನಡೆಯುವುದಿಲ್ಲ. ಗಾಡಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತಿವೆ, ಏಕೆ ಹೋಗುತ್ತಿವೆ ಎಂಬುದು ನೋಡುಗನಿಗೆ ತಿಳಿಯುವುದೇ ಇಲ್ಲ. ಮದುವೆ ಮನೆಯ ಸೀರಿಯಲ್ ಸೆಟ್‌ನ ದೀಪಗಳಿಗೂ ಆ ಗಾಡಿಗಳಿಗೂ ಹೆಚ್ಚು ವ್ಯತ್ಯಾಸ ನನಗೆ ಕಾಣಲಿಲ್ಲ. ಅತಿ ಹೆಚ್ಚು ಹಣ, ಅತಿ ಹೆಚ್ಚು ಜಾಗ ಸಂದಾಯವಾದ ಮಾದರಿಯೇ ಎಲ್ಲಕ್ಕಿಂತ ಬೇಗ ಬೇಸರ ತರಿಸಿತು ಎಂಬುದನ್ನು ಸಂಘಟಕರು ಗಮನಿಸುವುದು ಒಳ್ಳೆಯದು.

ಆ ಮೇಜಿನಿಂದ ನಮಗಾದ ಲಾಭ ಮಗಳು ಕೇಳಿದ ಒಂದು ಪ್ರಶ್ನೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್‌ಗಳಿದ್ದು, ಒಂದು ನಿಂತಿರುವಾಗ ಇನ್ನೊಂದು ಹೇಗೆ ಓಡುತ್ತದೆ ಎಂದು ಅವಳು ಕೇಳಿದಾಗ, ಮೇಜಿನ ಹಿಂದಿದ್ದ ಯುವಕರು ಬಗ್ಗಿ, ಅವಳ ಕಣ್ಣಿನ ಮಟ್ಟಕ್ಕೆ ಬಂದು ಉತ್ತರಿಸಿದರು. ಹಳೆಯ ಪದ್ಧತಿಯಲ್ಲಿ ಹಳಿಗೆ 12 ವೋಲ್ಟ್‌ವರೆಗಿನ ನೇರ ವಿದ್ಯುತ್ ಹರಿಸುತ್ತಾರೆ. ವೋಲ್ಟೇಜ್ ಏರಿಸಿದಂತೆ ವೇಗ ಏರುತ್ತದೆ, ಧ್ರುವ ಬದಲಿಸಿದರೆ ದಿಕ್ಕು ಬದಲಾಗುತ್ತದೆ, ಆದರೆ ಆ ಹಳಿಯ ಮೇಲಿರುವ ಎಂಜಿನ್‌ಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಹಾಗಾಗಿ ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ ಪ್ರತಿ ತುಂಡಿಗೂ ಸ್ವಿಚ್ ಹಾಕಬೇಕಾಗುತ್ತಿತ್ತು. ಡಿಸಿಸಿ ಎಂಬ ಈಗಿನ ಡಿಜಿಟಲ್ ಪದ್ಧತಿಯಲ್ಲಿ ಹಳಿಯಲ್ಲಿ ವಿದ್ಯುತ್ ಸದಾ ಇರುತ್ತದೆ. ಅದರ ಮಿಡಿತಗಳಲ್ಲೇ ಆದೇಶಗಳು ಅಡಗಿರುತ್ತವೆ. ಪ್ರತಿ ಎಂಜಿನ್ನಿನೊಳಗೆ ಆ ಆದೇಶಗಳನ್ನು ಓದುವ ಪುಟ್ಟ ಡಿಕೋಡರ್‌ಗೆ ಒಂದೊಂದು ಸಂಖ್ಯೆಯಿದ್ದು, ತನ್ನ ಸಂಖ್ಯೆಗೆ ಬಂದ ಆದೇಶವನ್ನು ಮಾತ್ರ ಅದು ಪಾಲಿಸುತ್ತದೆ. ಜರ್ಮನಿಯ ಲೆನ್ಜ್ ಕಂಪನಿಯ ತಂತ್ರವನ್ನು ಆಧರಿಸಿ ಅಮೆರಿಕದ ಹವ್ಯಾಸಿಗಳ ಸಂಘ 1990ರ ದಶಕದಲ್ಲಿ ಇದನ್ನು ಎಲ್ಲ ತಯಾರಕರಿಗೂ ಸಾಮಾನ್ಯವಾದ ಮಾನದಂಡವಾಗಿಸಿತು. ಆ ಯುವಕರು ಬಳಸುತ್ತಿದ್ದ ನಿಯಂತ್ರಕ ಅಂಗಡಿಯದಲ್ಲ, ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುವ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಮೋಟಾರ್ ನಡೆಸುವ ಇನ್ನೊಂದು ಬೋರ್ಡನ್ನು ಕೂಡಿಸಿ, ಮುಕ್ತವಾಗಿ ದೊರೆಯುವ ತಂತ್ರಾಂಶ ತುಂಬಿ, ಮೊಬೈಲ್ ಫೋನನ್ನೇ ಹಿಡಿಕೆಯಾಗಿ ಮಾಡಿಕೊಂಡಿದ್ದರು. ಬೆಂಗಳೂರಿನ ಪ್ರದರ್ಶನವೆಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಕಿಲ್ಲ.

ಪೂರ್ವದ ಗೋಡೆಯುದ್ದಕ್ಕೂ ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಮಾದರಿ ಇತ್ತು. ಒಬ್ಬೊಬ್ಬ ಸದಸ್ಯರೂ ತಮ್ಮ ಮನೆಯಲ್ಲಿ ಒಂದೊಂದು ಹಲಗೆಯನ್ನು ಸಿದ್ಧಪಡಿಸಿ, ಇಲ್ಲಿ ತಂದು ಒಂದಕ್ಕೊಂದು ಬೋಲ್ಟ್ ಹಾಕಿ ಜೋಡಿಸಿದ್ದರು. ಗುಂಡು ಮೂತಿಯ, ಮುಂದೆ ನಕ್ಷತ್ರವಿರುವ ಡಬ್ಲ್ಯುಪಿ ಉಗಿಬಂಡಿ, ಅಮೆರಿಕದ ಆಲ್ಕೊ ಕಂಪನಿಯ ವಂಶದ ಡಬ್ಲ್ಯುಡಿಎಂ-2 ಡೀಸೆಲ್, ಪೆರಂಬೂರಿನ ಬೋಗಿ ಕಾರ್ಖಾನೆಯ ಐಸಿಎಫ್ ಬೋಗಿಗಳು, ಜರ್ಮನ್ ವಿನ್ಯಾಸದ ಈಚಿನ ಎಲ್‌ಎಚ್‌ಬಿ ಬೋಗಿಗಳು ಎಲ್ಲವೂ ಇದ್ದವು. ಹಲವನ್ನು ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚೊತ್ತಿ ಕೈಯಿಂದ ಬಣ್ಣ ಬಳಿದಿದ್ದರು. ಆದರೆ ಎದುರಿನಿಂದ ನೋಡಿದರೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಎಂಜಿನ್ನಿನ ದೇಹಕ್ಕೆ ಕಾಲು ಸಣ್ಣದಾದಂತೆ. ಕಾರಣ ಸರಳವಾದುದು. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಎಚ್‌ಒ ಪ್ರಮಾಣಕ್ಕೆ ಇಳಿಸಿದರೆ ಅದು 19 ಮಿಲಿಮೀಟರ್‌ಗೂ ಸ್ವಲ್ಪ ಹೆಚ್ಚಾಗಬೇಕು. ಮಾರುಕಟ್ಟೆಯಲ್ಲಿ ಸಿಗುವ ಎಚ್‌ಒ ಹಳಿ ಮಾತ್ರ 16.5 ಮಿಲಿಮೀಟರಿನದು, ಏಕೆಂದರೆ ಅದು ಯುರೋಪು, ಅಮೆರಿಕಗಳ 1435 ಮಿಲಿಮೀಟರ್ ಗೇಜಿಗಾಗಿ ಹುಟ್ಟಿದ್ದು. ಸರಿಯಾದ ಅಗಲ ಬೇಕೆಂದರೆ ಹಳಿಯನ್ನೂ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳನ್ನೂ ಕೈಯಿಂದಲೇ ಕಟ್ಟಬೇಕು, ಪ್ರತಿ ಗಾಲಿಯ ಅಚ್ಚನ್ನೂ ಬದಲಿಸಬೇಕು. ಅಷ್ಟು ಮಾಡುವವರು ವಿರಳ. ಉಳಿದವರು ಆ ಕೊರತೆಯೊಂದಿಗೆ ರಾಜಿಯಾಗುತ್ತಾರೆ.

ಹಾಗೆ ನೋಡಿದರೆ ಈ ಊರಿನಲ್ಲಿ ಎಚ್‌ಒ ಹಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವ ಗಾಡಿ ಒಂದಿದೆ, ಅದು ನಾವು ಬೆಳಿಗ್ಗೆ ಹತ್ತಿ ಬಂದ ಮೆಟ್ರೊ. ನಮ್ಮ ಮೆಟ್ರೊ ಓಡುವುದು 1435 ಮಿಲಿಮೀಟರ್ ಗೇಜಿನ ಮೇಲೆ. ಅದಕ್ಕೆ ವಿದ್ಯುತ್ ಬರುವುದು ಪಕ್ಕದ ಮೂರನೆಯ ಹಳಿಯಿಂದ, ಆದ್ದರಿಂದ ಮಾದರಿ ಕಟ್ಟುವವರಿಗೆ ತಲೆಯ ಮೇಲಿನ ತಂತಿಯ ತಾಪತ್ರಯವೂ ಇಲ್ಲ. ಕಂಬಗಳ ಮೇಲಿನ ಸೇತುವೆ, ಆರು ಬೋಗಿಯ ಗಾಡಿ, ಕೆಳಗೆ ವಾಹನಗಳು ಕಿಕ್ಕಿರಿದ ರಸ್ತೆ. ಇಷ್ಟು ಸಾಕು, ಬೆಂಗಳೂರಿನ ಮಕ್ಕಳು ಮೇಜು ಬಿಟ್ಟು ಹೋಗಲಾರರು. ಇಡೀ ಪ್ರದರ್ಶನದಲ್ಲಿ ಮೆಟ್ರೊದ ಒಂದು ಮಾದರಿಯೂ ಇರಲಿಲ್ಲ. ಆಲ್ಪ್ಸ್ ಪರ್ವತಕ್ಕೆ ಕೊಟ್ಟ ಜಾಗದ ಕಾಲುಭಾಗದಲ್ಲಿ ಇದನ್ನು ಮಾಡಬಹುದಿತ್ತು.

ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾದರಿಯ ಬಗ್ಗೆ ಎರಡು ಮಾತು ಸಾಕು. ಸುಮಾರು 55 ಕಿಲೋಮೀಟರಿನ, 57 ಸುರಂಗಗಳ ಆ ಹಾದಿಯನ್ನು ಎಚ್‌ಒ ಪ್ರಮಾಣದಲ್ಲಿ ಪೂರ್ತಿ ಕಟ್ಟಿದರೆ 630 ಮೀಟರ್ ಜಾಗ ಬೇಕಾಗುತ್ತದೆ; ಅವರು ಜಾಣತನದಿಂದ ಒಂದು ಸೇತುವೆ, ಎರಡು ಸುರಂಗಗಳನ್ನಷ್ಟೇ ಆರಿಸಿಕೊಂಡಿದ್ದರು. ಮಳೆಗಾಲದ ಹಸಿರು ಚೆನ್ನಾಗಿ ಬಂದಿತ್ತು, ಝರಿಯ ನೀರು ಮಾತ್ರ ಪ್ಲಾಸ್ಟಿಕ್ ಹಾಳೆಯಂತೆಯೇ ಕಾಣುತ್ತಿತ್ತು.

ನನ್ನ ದೃಷ್ಟಿಯಲ್ಲಿ ಇಡೀ ಪ್ರದರ್ಶನಕ್ಕೆ ಕೊಟ್ಟ ಹಣ ಸಾರ್ಥಕವಾದದ್ದು ಹಿಂಬದಿಯ ಕಿಟಕಿಯ ಪಕ್ಕದಲ್ಲಿದ್ದ, ಹೆಚ್ಚಿನವರು ಕಣ್ಣು ಹಾಯಿಸಿ ಮುಂದೆ ಸಾಗುತ್ತಿದ್ದ, ಮೀಟರ್‌ಗೇಜ್ ನಿಲ್ದಾಣವೊಂದರ ಮಾದರಿಯಲ್ಲಿ. ಅದು ಯಾವ ಊರಿನದೂ ಅಲ್ಲ, ಹಳೆಯ ಮೈಸೂರು ಸೀಮೆಯ ಯಾವ ಊರಿನದೂ ಆಗಬಹುದಿತ್ತು: ಮಂಗಳೂರು ಹೆಂಚಿನ ಸೂರು, ಕಲ್ಲುಬೆಂಚು, ಎಂಜಿನ್ನಿಗೆ ನೀರು ತುಂಬುವ ಕಂಬ, ಗೂಡ್ಸ್ ಶೆಡ್ಡು, ಶೆಡ್ಡಿನೆದುರು ತೆಂಗಿನಕಾಯಿ ಮೂಟೆ ಇಳಿಸುತ್ತಿರುವ ಎತ್ತಿನಗಾಡಿ. ಹಳಿಗಳ ಅಂತರ 12 ಮಿಲಿಮೀಟರ್ ಇದ್ದುದರಿಂದ ಇಲ್ಲಿ ಕಾಲು ಸಣ್ಣದೆಂಬ ಭಾವನೆ ಬರುವುದಿಲ್ಲ; 1000 ಮಿಲಿಮೀಟರಿನ ಮೀಟರ್‌ಗೇಜಿಗೆ ಅದು ಬಹುಪಾಲು ಸರಿಯಾದ ಲೆಕ್ಕ. ಅಲ್ಲಿದ್ದ ಎರಡು ಗಾಡಿಗಳನ್ನು ಎಳೆಯುತ್ತಿದ್ದುದು ವೈಪಿ ಉಗಿಬಂಡಿಗಳು, 1949ರಿಂದ 1970ರವರೆಗೆ ಒಟ್ಟು 871ರಷ್ಟು ತಯಾರಾಗಿ ದೇಶದ ಮೀಟರ್‌ಗೇಜ್ ಪ್ರಯಾಣಿಕರ ಗಾಡಿಗಳನ್ನು ಎಳೆದ ವರ್ಗ. ಹಿತ್ತಾಳೆ ತಗಡನ್ನು ಕತ್ತರಿಸಿ, ಬೆಸುಗೆ ಹಾಕಿ ಮೈಯನ್ನು ರೂಪಿಸಿದ್ದರು.

ಈ ಮೇಜಿನ ವಿಶೇಷವೆಂದರೆ ಇಲ್ಲಿ ಗಾಡಿಗಳು ಹೆಚ್ಚಿನ ಹೊತ್ತು ನಿಂತೇ ಇರುತ್ತವೆ. ಒಂಟಿ ಹಳಿಯ ದಾರಿ. ಎರಡೂ ತುದಿಗಳಲ್ಲಿ ಒಬ್ಬೊಬ್ಬ ಸ್ವಯಂಸೇವಕರು ಸ್ಟೇಷನ್ ಮಾಸ್ಟರ್‌ಗಳಾಗಿ ಕುಳಿತು, ನಡುವಿನ ನಿಲ್ದಾಣದವರೊಂದಿಗೆ ಗಂಟೆಯ ಸಂಕೇತದಿಂದ ಮಾತಾಡುತ್ತಾರೆ. ಮುಂದಿನ ನಿಲ್ದಾಣ ಒಪ್ಪಿಗೆ ಕೊಟ್ಟ ಮೇಲಷ್ಟೇ ಯಂತ್ರದಿಂದ ಟೋಕನ್ ಗುಂಡು ಹೊರಬರುತ್ತದೆ. ಎರಡು ನಿಲ್ದಾಣಗಳ ಯಂತ್ರಗಳು ವಿದ್ಯುತ್ತಿನಿಂದ ಬೆಸೆದುಕೊಂಡಿರುವುದರಿಂದ, ಒಂದು ಟೋಕನ್ ಹೊರಗಿರುವವರೆಗೆ ಇನ್ನೊಂದನ್ನು ಯಾವ ತುದಿಯಿಂದಲೂ ತೆಗೆಯಲಾಗದು. ಟೋಕನ್ ಕೈಯಲ್ಲಿಲ್ಲದೆ ಚಾಲಕ ಗಾಡಿ ಬಿಡುವಂತಿಲ್ಲ. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ತಡೆಯುತ್ತಿದ್ದ ವ್ಯವಸ್ಥೆ ಇಷ್ಟೇ. ಅದನ್ನು ಮರದ ಪೆಟ್ಟಿಗೆ, ಎರಡು ಕರೆಗಂಟೆ, ಒಂದಿಷ್ಟು ತಂತಿಯಿಂದ ಯಥಾವತ್ತಾಗಿ ಮರುಕಟ್ಟಿದ್ದಾರೆ.

ಹೀಗಾಗಿ ಅಲ್ಲಿ ನಡೆಯುವುದು ಹೀಗೆ. ಒಂದು ಗಾಡಿ ನಿಲ್ದಾಣದ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ ಬಂದು ನಿಲ್ಲುತ್ತದೆ. ಮಾಸ್ಟರು ಅದರ ಟೋಕನ್ನನ್ನು ಯಂತ್ರಕ್ಕೆ ಹಿಂದಿರುಗಿಸುತ್ತಾರೆ. ಗಂಟೆ ಬಾರಿಸುತ್ತದೆ. ಎದುರಿನ ಗಾಡಿಗೆ ಕೈಮರದ (ಸಿಗ್ನಲ್ಲಿನ) ತೋಳು ಇಳಿಯುತ್ತದೆ. ಇಳಿದ ಮೇಲೂ ಗಾಡಿ ಬರಲು ಇನ್ನೂ ಅರ್ಧ ನಿಮಿಷ ಹಿಡಿಯುತ್ತದೆ, ಏಕೆಂದರೆ ಇಲ್ಲಿನವರು ವೇಗವನ್ನೂ ಪ್ರಮಾಣಕ್ಕೆ ತಕ್ಕಂತೆ ಇಳಿಸಿದ್ದಾರೆ. ಗಂಟೆಗೆ 100 ಕಿಲೋಮೀಟರ್ ವೇಗವೆಂದರೆ ಎಚ್‌ಒ ಲೋಕದಲ್ಲಿ ಸೆಕೆಂಡಿಗೆ 32 ಸೆಂಟಿಮೀಟರ್ ಮಾತ್ರ. ನಿಲ್ದಾಣ ಸಮೀಪಿಸುವ ಮೀಟರ್‌ಗೇಜ್ ಗಾಡಿ ಅದರ ಕಾಲುಭಾಗಕ್ಕಿಂತ ನಿಧಾನವಾಗಿ ತೆವಳಬೇಕು. ಬೇರೆ ಮೇಜುಗಳಲ್ಲಿ ಬುಲೆಟ್ ರೈಲನ್ನೂ ಮೀರಿಸುವಂತೆ ಗಾಡಿಗಳನ್ನು ಓಡಿಸುತ್ತಿದ್ದುದನ್ನು ನೋಡಿ ಬಂದ ಕಣ್ಣಿಗೆ ಈ ನಿಧಾನ ಮೊದಲು ಸಹನೆಯ ಪರೀಕ್ಷೆಯೆನಿಸಿತು. ಆಮೇಲೆ ನಾವೇ ಪ್ರಯಾಣಿಕರಾಗಿಬಿಟ್ಟೆವು. "ಇನ್ನೂ ಯಾಕೆ ಬಿಡ್ತಿಲ್ಲ?" ಎಂದು ಮಗಳು ಕೇಳಿದಾಗ, "ಕ್ರಾಸಿಂಗ್ ಇದೆ ಪುಟ್ಟೀ, ಆ ಕಡೆಯ ಗಾಡಿ ಬರಬೇಕು" ಎಂದು ಉತ್ತರಿಸಿದವರು ಸ್ವಯಂಸೇವಕರಲ್ಲ, ನಮ್ಮ ಮಾವನವರು. ಅವರು ಉದ್ಯೋಗದ ನಿಮಿತ್ತ ಅರಸೀಕೆರೆ–ಹಾಸನದ ನಡುವೆ ಮೀಟರ್‌ಗೇಜ್ ಗಾಡಿಯಲ್ಲಿ ವರ್ಷಗಟ್ಟಲೆ ಓಡಾಡಿದವರು. ಹೊರಡುವ ಗಾಡಿಯ ಚಾಲಕನಿಗೆ ದೊಡ್ಡ ಬೆತ್ತದ ಬಳೆಯಲ್ಲಿ ಟೋಕನ್ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದ ಪಾಯಿಂಟ್ಸ್‌ಮನ್‌ನ ಬೊಂಬೆ ಪ್ಲಾಟ್‌ಫಾರ್ಮಿನ ತಪ್ಪು ತುದಿಯಲ್ಲಿ ನಿಂತಿದೆ ಎಂದು ಅವರು ತೋರಿಸಿಕೊಟ್ಟರು. ಮಾದರಿ ಕಟ್ಟಿದವರು ಚಿಮಟದಿಂದ ಅದನ್ನು ಕಿತ್ತು, ಅವರು ಹೇಳಿದ ಜಾಗದಲ್ಲಿ ಆಗಲೇ ಅಂಟಿಸಿದರು. ಇಂಥ ವಿನಯ ಎಲ್ಲ ಪ್ರದರ್ಶಕರಲ್ಲೂ ಇರುತ್ತದೆ ಎನ್ನಲಾರೆ.

ಭೂದೃಶ್ಯದ ಕೆಲಸದಲ್ಲೂ ಈ ಮೇಜೇ ಮುಂದಿತ್ತು. ಹೊರದೇಶದಿಂದ ತರಿಸಿದ ಸಿದ್ಧ ಹುಲ್ಲಿನ ಪೊಟ್ಟಣಗಳ ಬದಲು ಬಣ್ಣ ಹಾಕಿದ ಮರದ ಹೊಟ್ಟು, ಒಣಗಿದ ಹೂಗೊಂಚಲಿನ ಕಡ್ಡಿ, ಜರಡಿ ಹಿಡಿದ ಕೆಮ್ಮಣ್ಣು ಬಳಸಿದ್ದರಿಂದ ನೆಲದ ಬಣ್ಣ ನಮ್ಮ ನೆಲದ ಬಣ್ಣವಾಗಿಯೇ ಕಂಡಿತು. ಆಲ್ಪ್ಸ್ ಮೇಜಿನ ಹಸಿರು ಎಷ್ಟು ದುಬಾರಿಯದಾದರೂ ಡಬ್ಬಿಯ ಹಸಿರೇ.

ಕೊರತೆಗಳನ್ನು ಹೇಳದಿದ್ದರೆ ವಿಮರ್ಶೆ ಪೂರ್ಣವಾಗದು. ಮೇಜುಗಳೆಲ್ಲ ದೊಡ್ಡವರ ಎದೆಯೆತ್ತರಕ್ಕಿದ್ದವು. ಹಳಿಯ ಮಟ್ಟಕ್ಕೆ ಕಣ್ಣು ಬಂದರೆ ಮಾದರಿ ನೈಜವಾಗಿ ಕಾಣುತ್ತದೆ ಎಂಬ ಕಾರಣ ಒಪ್ಪತಕ್ಕದ್ದೇ, ಆದರೆ ಐದು ವರ್ಷದ ಮಗುವಿಗೆ ಕಾಣುವುದು ಮೇಜಿನ ಬಟ್ಟೆ ಮಾತ್ರ. ಮಗನನ್ನು ಹೆಗಲ ಮೇಲೆ ಹೊತ್ತು ನಮ್ಮ ಮನೆಯವರು ಸುಸ್ತಾದರು. ಕಾಲಿಡಲು ಒಂದೊಂದು ಮರದ ಮಣೆಯನ್ನು ಇರಿಸಿದ್ದರೆ ಸಾಕಿತ್ತು. ಹಿರಿಯರಿಗೆ ಕುಳಿತುಕೊಳ್ಳಲು ಗೋಡೆಯ ಬದಿಯಲ್ಲಿ ಕೆಲವೇ ಕುರ್ಚಿಗಳಿದ್ದು, ಅವುಗಳ ಮೇಲೂ ಸಂಘಟಕರ ಚೀಲಗಳಿದ್ದವು. ವಿವರಣೆಯ ಫಲಕಗಳು ಬಹುತೇಕ ಇಂಗ್ಲಿಷಿನಲ್ಲೇ ಇದ್ದವು. ಮೀಟರ್‌ಗೇಜ್ ಮೇಜಿನವರು ಮಾತ್ರ ಕೈಬರಹದಲ್ಲಿ ಕನ್ನಡದ ಹಾಳೆ ತೂಗುಹಾಕಿದ್ದರು. ಧ್ವನಿವರ್ಧಕದಲ್ಲಿ ಬಿಡುವಿಲ್ಲದೆ ಸಿಳ್ಳೆ, ಚುಕುಬುಕು ಸದ್ದನ್ನು ಹಾಕಿದ್ದುದು ಎಲ್ಲಕ್ಕಿಂತ ಅನವಶ್ಯಕ. ಎಂಜಿನ್‌ಗಳೊಳಗೇ ಸದ್ದಿನ ವ್ಯವಸ್ಥೆ ಇರುವಾಗ ಅದನ್ನು ಮುಳುಗಿಸಿ, ವಿವರಿಸುವವರನ್ನು ಗಂಟಲು ಹರಿಯುವಂತೆ ಕೂಗಿಸುವುದರಲ್ಲಿ ಅರ್ಥವಿಲ್ಲ. ಗಾಡಿಗಳು ಆಗಾಗ ನಿಂತುಹೋಗುತ್ತಿದ್ದುದನ್ನು ಮಾತ್ರ ದೋಷವೆಂದು ಎಣಿಸಲಾರೆ. ವಿದ್ಯುತ್ ಬರುವುದು ಹಳಿಯಿಂದ ಗಾಲಿಗೆ. ನಡುವೆ ತೆಳುವಾದ ಧೂಳು ಕುಳಿತರೂ ಸಂಪರ್ಕ ತಪ್ಪುತ್ತದೆ. ಬೆಂಗಳೂರಿನ ಧೂಳಿಗೆ ಬಾಗಿಲು ತೆರೆದಿಟ್ಟ ಸಭಾಂಗಣದಲ್ಲಿ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹಳಿ ಒರೆಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಹೊರಗಿನ ಮಳಿಗೆಯಲ್ಲಿ ಆರಂಭಿಕರ ಸೆಟ್‌ಗಳಿದ್ದವು. ಆಮದಾದ ಎಚ್‌ಒ ಸೆಟ್ಟೊಂದರ ಬೆಲೆ ಐದಂಕಿ ಮುಟ್ಟುತ್ತದೆ. ಅದರಲ್ಲಿ ಬರುವುದು ಒಂದು ಎಂಜಿನ್, ಎರಡು ಮೂರು ಬೋಗಿ, ಮೊಟ್ಟೆಯಾಕಾರದ ಹಳಿ. ನಮ್ಮ ಮನೆಯವರು ಮಳಿಗೆಯವರನ್ನು ಬಹಳ ಹೊತ್ತು ವಿಚಾರಿಸಿ ತೆಗೆದ ಸಾರ ಇಷ್ಟು: ಮಗುವಿಗೆ ಎಂಟು ವರ್ಷ ತುಂಬುವವರೆಗೆ ಬ್ಯಾಟರಿಯ ಆಟಿಕೆ ರೈಲೇ ಸಾಕು, ಆಮೇಲೂ ಆಸಕ್ತಿ ಉಳಿದರೆ ಎಂಜಿನ್ನಿಗೆ ಹಣ ಹಾಕುವ ಮುನ್ನ ಒಳ್ಳೆಯ ಹಳಿಗೆ ಹಾಕಬೇಕು. ತಾಮ್ರ, ನಿಕಲ್, ಸತುವಿನ ಮಿಶ್ರಲೋಹದ ಹಳಿ ಹಿತ್ತಾಳೆಯ ಹಳಿಯಷ್ಟು ಬೇಗ ಸಂಪರ್ಕ ಕೆಡಿಸುವುದಿಲ್ಲ, ಉಕ್ಕಿನ ಹಳಿಯಂತೆ ತುಕ್ಕೂ ಹಿಡಿಯುವುದಿಲ್ಲ. ಕೊನೆಗೆ ನಾವು ಕೊಂಡದ್ದು ಮಗಳಿಗಾಗಿ ನಿಲ್ದಾಣ ಕಟ್ಟಡದ ಒಂದು ರಟ್ಟಿನ ಕಿಟ್ ಮಾತ್ರ. ಬಾಗಿಲುಗಳ ಲೇಸರ್ ಕಟಿಂಗ್ ಅಚ್ಚುಕಟ್ಟಾಗಿದೆ, ಜೋಡಿಸುವ ಸೂಚನೆಗಳು ಅಷ್ಟೇ ಗೋಜಲಾಗಿವೆ.

ಇನ್ನು ಯಾರು ಹೋಗಬಹುದು? ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿನಲ್ಲಿ ಕುಳಿತು ಬಂದ ಚಿಕ್ಕ ಮಕ್ಕಳು ಇಲ್ಲೂ ಹತ್ತಿ ಕೂರಲು ಕೇಳುತ್ತಾರೆ, ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಎಂಟು ವರ್ಷ ದಾಟಿದವರಿಗೆ ಅರ್ಧ ದಿನವೂ ಸಾಲದು. ಹಿರಿಯರನ್ನು ಕರೆದೊಯ್ಯುವವರು ಸಾಧ್ಯವಾದರೆ ಮಡಚುವ ಕುರ್ಚಿ ಒಯ್ಯಲಿ, ಮೊದಲು ಕಿಟಕಿಯ ಬದಿಯ ಮೀಟರ್‌ಗೇಜ್ ಮೇಜಿಗೆ ಹೋಗಿ ಎರಡು ಕ್ರಾಸಿಂಗ್‌ಗಳನ್ನಾದರೂ ಪೂರ್ತಿ ನೋಡಲಿ, ಆಲ್ಪ್ಸನ್ನು ಹೊರಡುವಾಗ ನೋಡಿದರಾಯಿತು. ಈ ಸಲ ತಪ್ಪಿಸಿಕೊಂಡವರಿಗೆ ಮೈಸೂರಿನಲ್ಲಿ 1979ರಿಂದ ಇರುವ ರೈಲ್ವೆ ಮ್ಯೂಸಿಯಂನಲ್ಲಿ ಇಂಥ ಎಂಜಿನ್‌ಗಳ ನಿಜರೂಪ ಸಿಗುತ್ತದೆ. ಓಡುವ ಮಾದರಿಗಳೇ ಬೇಕೆನ್ನುವವರು ಪುಣೆಯ ಕೋಥರೂಡ್‌ನಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಕಿರುರೈಲು ಸಂಗ್ರಹಾಲಯವನ್ನು ನೋಡಬಹುದು. ಅದು ಸ್ಥಿರವಾದ ಸಂಗ್ರಹಾಲಯವಾದ್ದರಿಂದ ವಾರಾಂತ್ಯದ ಪ್ರದರ್ಶನಕ್ಕಾಗಿ ಕಾಯುವ ಅಗತ್ಯವಿಲ್ಲ.